ಹೊಸ ಮೊಬೈಲಿನ ಗೃಹಪ್ರವೇಶ

ಹೊಸ ಮನೆಯ ಗೃಹಪ್ರವೇಶದ ದಿನ ಹಾಲುಕ್ಕಿಸುವ ಪದ್ಧತಿಯನ್ನು ವಾಚಕರೆಲ್ಲರೂ ಬಲ್ಲರು. ಬಂಧುಬಳಗದವರು ಎಷ್ಟೇ ಮಂದಿ ನೆರೆದಿರಲಿ, ಒಲೆಯ ಮುಂದೆ ನಿಲ್ಲುವವಳು ಆ ಮನೆಯ ಗೃಹಿಣಿ. ಸಮಾರಂಭ ಮುಗಿದ ಮೇಲೆ ಬೀಗದ ಕೈಯೂ ಅವಳಲ್ಲಿಗೇ ಬಂದು ಸೇರುತ್ತದೆ. ಯಾರೋ ಹುಡುಗನೊಬ್ಬ ಬಂದು ತಾನೇ ಹಾಲುಕ್ಕಿಸಿ, ತಾನೇ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಇಳಿಬಿಟ್ಟುಕೊಂಡು, "ಇನ್ನು ನೀವು ಸುಖವಾಗಿ ಬಾಳಿರಿ" ಎಂದು ಹೇಳಿ ಹೊರಟುಹೋದರೆ ಯಾವ ಗೃಹಿಣಿ ತಾನೆ ಸುಮ್ಮನಿದ್ದಾಳು?

ಆದರೆ ಮನೆಯ ಹಿರಿಯರಿಗೆ ಹೊಸ ಮೊಬೈಲು ಬಂದಾಗ ನಾವು ಮಾಡುವುದು ಬಹುಮಟ್ಟಿಗೆ ಇದೇ. ಮಗನೋ ಮೊಮ್ಮಗಳೋ ಪೆಟ್ಟಿಗೆಯನ್ನು ಬಿಚ್ಚುತ್ತಾರೆ. ಅರ್ಧ ಗಂಟೆಯಲ್ಲಿ ಬೆರಳುಗಳು ಗಾಜಿನ ಮೇಲೆ ಮಿಂಚಿನಂತೆ ಓಡಾಡಿ ಎಲ್ಲವೂ ಸಿದ್ಧವಾಗುತ್ತದೆ. ಫೋನಿನ ಒಡೆಯರು ಮಾತ್ರ ಪಕ್ಕದ ಕುರ್ಚಿಯಲ್ಲಿ ಕುಳಿತು, ಕನ್ನಡಕವನ್ನು ಒರೆಸುತ್ತ, ಕೃತಜ್ಞತೆಯಿಂದ ನೋಡುತ್ತಿರುತ್ತಾರೆ. ಬೀಗದ ಕೈ ಎಲ್ಲಿ ಹೋಯಿತೆಂದು ಅವರೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ.

ಇದರ ಫಲ ಏನೆಂಬುದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡೆ.

ನನ್ನ ಅಕ್ಕ ಮೈಸೂರಿನ ಸರಸ್ವತೀಪುರದಲ್ಲಿದ್ದಾಳೆ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕನ್ನಡ ಕಲಿಸಿ ನಿವೃತ್ತಳಾದವಳು. ಅವಳ ಮಗ 2019ರಲ್ಲಿ ವಿದೇಶಕ್ಕೆ ಹೊರಡುವ ಮುನ್ನ ಅವಳಿಗೊಂದು ಮೊಬೈಲನ್ನು ತಂದುಕೊಟ್ಟ. ಹೊರಡುವ ಹಿಂದಿನ ರಾತ್ರಿ, ಪೆಟ್ಟಿಗೆಗಳನ್ನು ಕಟ್ಟುವ ಗಡಿಬಿಡಿಯ ನಡುವೆಯೇ, ಅವಳ ಹೆಸರಿನಲ್ಲಿ ಖಾತೆಯೊಂದನ್ನು ತೆರೆದ. ಪಾಸ್‌ವರ್ಡನ್ನು ತನಗೆ ತೋಚಿದಂತೆ ಇಟ್ಟ. ಪಾಸ್‌ವರ್ಡ್ ಮರೆತರೆ ಖಾತೆಯನ್ನು ಮತ್ತೆ ತೆರೆಯುವುದಕ್ಕೆ ಒಂದು ಫೋನ್ ಸಂಖ್ಯೆಯನ್ನು ಕೊಡಬೇಕಷ್ಟೆ? ಅಲ್ಲಿ ತನ್ನ ಸಂಖ್ಯೆಯನ್ನೇ ಕೊಟ್ಟ. "ಪಾಸ್‌ವರ್ಡ್ ಆಮೇಲೆ ಹೇಳ್ತೀನಮ್ಮ" ಎಂದ. ಆ 'ಆಮೇಲೆ' ಬರಲೇ ಇಲ್ಲ. ಬರಬೇಕಾದ ಅಗತ್ಯವೂ ಐದಾರು ವರ್ಷ ಕಾಣಿಸಲಿಲ್ಲ.

ಭಾವನವರು 2021ರಲ್ಲಿ ತೀರಿಕೊಂಡರು. ಅವರು ಮಾರುಕಟ್ಟೆಗೆ ಹೋದಾಗಲೆಲ್ಲ ಅಕ್ಕನಿಗೆ ಧ್ವನಿಸಂದೇಶ ಕಳಿಸುತ್ತಿದ್ದರು. "ದಂಟಿನ ಸೊಪ್ಪು ಎಳೆಯದಿದೆ, ಎರಡು ಕಟ್ಟು ತರಲೋ, ಒಂದು ಸಾಕೋ?" ಎನ್ನುವಂಥ ಮಾತುಗಳು. ಅವರಿದ್ದಾಗ ಅಕ್ಕ ಅವನ್ನು ಪೂರ್ತಿ ಕೇಳುತ್ತಲೂ ಇರಲಿಲ್ಲ. ಅವರು ಹೋದ ಮೇಲೆ ಸಂಜೆಯ ಹೊತ್ತು ಒಂದೊಂದನ್ನಾಗಿ ಹಾಕಿಕೊಂಡು ಕೇಳುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಆ ಫೋನು ಅವಳ ಕೈಜಾರಿ ನೀರು ತುಂಬಿದ ಬಕೀಟಿಗೆ ಬಿತ್ತು. ರಿಪೇರಿಯವನು ಎರಡು ದಿನ ಇಟ್ಟುಕೊಂಡು ಕೈಚೆಲ್ಲಿದ. "ಚಿಂತೆಯಿಲ್ಲಮ್ಮ, ಎಲ್ಲವೂ ನಿಮ್ಮ ಖಾತೆಯಲ್ಲಿ ಭದ್ರವಾಗಿರುತ್ತದೆ, ಹೊಸ ಫೋನಿನಲ್ಲಿ ತೆರೆದರೆ ಬಂದುಬಿಡುತ್ತದೆ" ಎಂದು ಸಮಾಧಾನ ಹೇಳಿದ. ತೆರೆಯಬೇಕಾದರೆ ಪಾಸ್‌ವರ್ಡ್ ಬೇಕು. ಮಗನಿಗೆ ಅದು ನೆನಪಿಲ್ಲ. ಮತ್ತೆ ತೆರೆಯುವ ಗುಪ್ತಸಂಖ್ಯೆ ಹೋಗುವುದು ಅವನ ಹಳೆಯ ಭಾರತದ ಸಂಖ್ಯೆಗೆ. ಆ ಸಂಖ್ಯೆಯನ್ನು ಅವನು ಕೈಬಿಟ್ಟು ವರ್ಷಗಳಾಗಿದ್ದವು. ನಮ್ಮ ದೇಶದಲ್ಲಿ ಬಳಕೆ ನಿಂತು ರದ್ದಾದ ಸಂಖ್ಯೆಯನ್ನು 90 ದಿನಗಳ ಬಳಿಕ ಬೇರೆಯವರಿಗೆ ಕೊಡಬಹುದು. ಅದು ಯಾರದೋ ಪಾಲಾಗಿತ್ತು. ನಾವು ಮಾಡದ ಪ್ರಯತ್ನವಿಲ್ಲ. ಕುಟುಂಬದ ಗುಂಪಿನಲ್ಲಿ ಹಂಚಿಕೊಂಡಿದ್ದ ಕೆಲವು ಚಿತ್ರಗಳು ಸಿಕ್ಕವು. ಸೊಪ್ಪಿನ ಮಾತುಗಳು ಮಾತ್ರ ಸಿಕ್ಕಲಿಲ್ಲ.

ಅಕ್ಕ ಯಾರನ್ನೂ ದೂರಲಿಲ್ಲ. "ಮನೆ ನನ್ನದೇ, ಬೀಗದ ಕೈ ನನ್ನಲ್ಲಿರಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ಕೆಲವು ದಿನಗಳ ಮೇಲೆ ಮಗ ಅಲ್ಲಿಂದಲೇ ಹಣ ಕಳಿಸಿ, ಹೊಸ ಫೋನನ್ನು ತರಿಸಿ, "ಮಾವ, ನೀವೇ ಹೋಗಿ ಒಂದು ಗಂಟೆಯಲ್ಲಿ ಎಲ್ಲ ಸರಿಮಾಡಿಕೊಟ್ಟು ಬನ್ನಿ" ಎಂದು ನನ್ನನ್ನು ಕೇಳಿಕೊಂಡ. ನಾನು ಮೈಸೂರಿಗೆ ಹೋದೆ. ಆದರೆ ಒಂದು ಗಂಟೆಯ ಕೆಲಸಕ್ಕೆ ಮೂರು ದಿನ ಹಿಡಿಯಿತು. ಫೋನನ್ನು ಮುಟ್ಟುವುದು ಅವಳು, ಬಾಯಿಯಲ್ಲಿ ಹೇಳುವುದು ಮಾತ್ರ ನಾನು ಎಂದು ಮೊದಲೇ ಕರಾರಾಗಿತ್ತು. ಆ ಮೂರು ದಿನಗಳ ವರದಿಯನ್ನು ವಾಚಕರ ಮುಂದಿಡುತ್ತಿದ್ದೇನೆ. ಯಾರ ಮನೆಗಾದರೂ ಉಪಯೋಗಕ್ಕೆ ಬಂದೀತು.

ಮೊದಲ ದಿನವೇ ಚಾರ್ಜಿನ ವಿಷಯದಲ್ಲಿ ತಕರಾರು ಹುಟ್ಟಿತು. "ಮೊದಲ ಸಲ ಎಂಟು ಗಂಟೆ ಚಾರ್ಜು ಮಾಡದೆ ಮುಟ್ಟಬಾರದಂತೆ" ಎಂದು ಅಕ್ಕ ಹಟ ಹಿಡಿದಳು. ಈ ಮಾತನ್ನು ನೀವೂ ಕೇಳಿರುತ್ತೀರಿ. ಇದು ಸುಳ್ಳಲ್ಲ, ಹಳತು. ಮೊದಲ ಮೊಬೈಲುಗಳಲ್ಲಿ ನಿಕಲ್ ಲೋಹದ ಬ್ಯಾಟರಿಗಳಿದ್ದುವು. ಅವುಗಳಿಗೆ ಆರಂಭದಲ್ಲಿ ದೀರ್ಘಕಾಲ ಚಾರ್ಜು ಕೊಡಬೇಕಾಗುತ್ತಿತ್ತು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು ಆಗಾಗ್ಗೆ ಪೂರ್ತಿ ಬರಿದುಮಾಡಿ ತುಂಬಬೇಕೆಂಬ ನಿಯಮವೂ ಇತ್ತು. ಇಂದಿನ ಫೋನಿನಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಸೋನಿ ಸಂಸ್ಥೆ ಇದನ್ನು 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಈ ಮಾತನ್ನು ಕೇಳಿದ ಅಕ್ಕ, "ಹಾಗಾದರೆ ಎಪ್ಪತ್ತೊಂದು ದೊಡ್ಡ ವಯಸ್ಸೇನಲ್ಲ" ಎಂದು ಕನ್ನಡಕವನ್ನು ಸರಿಮಾಡಿಕೊಂಡಳು.

ಹೊಸ ಫೋನು ಕಾರ್ಖಾನೆಯಿಂದ ಒಂದಿಷ್ಟು ಚಾರ್ಜಿನೊಡನೆಯೇ ಬರುತ್ತದೆ. ಪೆಟ್ಟಿಗೆಯಿಂದ ತೆಗೆದ ಕೂಡಲೇ ಬಳಸಬಹುದು. ಆದರೂ ಸಿದ್ಧತೆಯ ನಡುವೆ ಅದು ಆರಿಹೋಗಬಾರದಲ್ಲವೆ? ಅದಕ್ಕಾಗಿ ಅರ್ಧಕ್ಕಿಂತ ಮೇಲೆ ತುಂಬಿಸಿಕೊಳ್ಳುವುದು ಲೇಸು. ಎಂಟು ಗಂಟೆ ಬೇಕಿಲ್ಲ. ತುಂಬಿದೊಡನೆ ಫೋನೇ ವಿದ್ಯುತ್ತನ್ನು ತಡೆಯುತ್ತದೆ.

"ಎಂಬತ್ತರವರೆಗೆ ದಡದಡನೆ ಏರಿತು, ಆಮೇಲೆ ಎತ್ತಿನಗಾಡಿಯಾಯಿತಲ್ಲ, ಕೆಟ್ಟಿತೋ ಏನೋ?" ಎಂದು ಅವಳಿಗೆ ಅನುಮಾನ. ಕೆಟ್ಟಿರಲಿಲ್ಲ. ನಾಟಕಶಾಲೆಯ ಬಾಗಿಲು ತೆರೆದಾಗ ಮೊದಲು ಬಂದವರು ಓಡಿಹೋಗಿ ಕುಳಿತುಬಿಡುತ್ತಾರೆ. ಕೊನೆಗೆ ಬಂದವರು ಖಾಲಿ ಕುರ್ಚಿಯನ್ನು ಹುಡುಕುತ್ತ, ಕುಳಿತವರ ಮೊಣಕಾಲುಗಳನ್ನು ದಾಟುತ್ತ ನಿಧಾನವಾಗಿ ಹೋಗಬೇಕಾಗುತ್ತದೆ. ಬ್ಯಾಟರಿಯೊಳಗೆ ಲಿಥಿಯಂ ಕಣಗಳು ಗ್ರ್ಯಾಫೈಟ್ ಪದರಗಳ ನಡುವೆ ಸೇರುವುದೂ ಹೀಗೆಯೇ. ತುಂಬುತ್ತ ಬಂದಂತೆ ಅವಸರಪಡಿಸಿದರೆ ಬ್ಯಾಟರಿಗೆ ಅಪಾಯ. ಆದುದರಿಂದ ಫೋನು ತಾನಾಗಿಯೇ ವೇಗವನ್ನು ಇಳಿಸುತ್ತದೆ.

ಈ ಬ್ಯಾಟರಿಗೆ ಶತ್ರುಗಳು ಎರಡು. ಮೊದಲನೆಯದು ಬಿಸಿ. ಬಿಸಿಲು ಬೀಳುವ ಕಿಟಕಿಯಲ್ಲಿ, ದಿಂಬಿನ ಕೆಳಗೆ, ಒಲೆಯ ಪಕ್ಕದ ಕಟ್ಟೆಯ ಮೇಲೆ ಚಾರ್ಜು ಮಾಡಬಾರದು. ಎರಡನೆಯದು, ಸದಾಕಾಲ ತುಂಬಿ ತುಳುಕುವಂತೆ ಇಡುವುದು ಅಥವಾ ಪೂರ್ತಿ ಬರಿದಾಗಲು ಬಿಡುವುದು. ನೂರರಲ್ಲಿ 20ಕ್ಕೆ ಇಳಿದಾಗ ಹಾಕಿ, 80ರ ಸುಮಾರಿಗೆ ತೆಗೆದರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಊರಿಗೆ ಹೊರಡುವ ದಿನ ನೂರು ತುಂಬಿಸಿದರೆ ದೋಷವೇನಿಲ್ಲ. 80ಕ್ಕೆ ತಾನೇ ನಿಲ್ಲುವಂತೆ ಹೇಳಿಡುವ ಏರ್ಪಾಡು ಈಗ ಅನೇಕ ಫೋನುಗಳಲ್ಲಿದೆ. ಯುರೋಪಿನ ಒಕ್ಕೂಟ 2025ರ ಜೂನ್ 20ರಿಂದ ಒಂದು ನಿಯಮವನ್ನು ಜಾರಿಗೆ ತಂದಿದೆ. ಅಲ್ಲಿ ಮಾರುವ ಫೋನಿನ ಬ್ಯಾಟರಿಯು 800 ಸಲ ಪೂರ್ತಿ ತುಂಬಿ ಬರಿದಾದ ಮೇಲೂ ಮೊದಲಿನ ಶಕ್ತಿಯಲ್ಲಿ ಶೇಕಡ 80ನ್ನಾದರೂ ಉಳಿಸಿಕೊಂಡಿರಬೇಕು. ಎರಡು ಸಲ ಅರ್ಧರ್ಧ ತುಂಬಿದರೆ ಅದು ಒಂದೇ ಸಲದ ಲೆಕ್ಕ. ಆದ್ದರಿಂದ ಆಗಾಗ ಸ್ವಲ್ಪಸ್ವಲ್ಪ ತುಂಬಿಸಿದರೆ ಆಯುಷ್ಯ ಸವೆಯುವುದೆಂಬ ಭಯ ಬೇಡ.

ಇನ್ನು ಚಾರ್ಜರಿನ ಮಾತು. ಪೆಟ್ಟಿಗೆಯಲ್ಲಿ ಫೋನಿತ್ತು, ವೈರಿತ್ತು, ಚಾರ್ಜರೇ ಇರಲಿಲ್ಲ. ಅಕ್ಕ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿ ನೋಡಿದಳು. ಈಗ ಎಷ್ಟೋ ಫೋನುಗಳು ಹೀಗೆಯೇ ಬರುತ್ತವೆ. ಅದೃಷ್ಟವಶಾತ್ ಬಹುಪಾಲು ಹೊಸ ಫೋನುಗಳಿಗೆ ಟೈಪ್-ಸಿ ಎಂಬ ಒಂದೇ ಬಗೆಯ ಬಾಯಿ ಇರುತ್ತದೆ. 2024ರ ಡಿಸೆಂಬರ್ 28ರಿಂದ ಯುರೋಪಿನಲ್ಲಿ ಇದು ಕಡ್ಡಾಯವೂ ಆಗಿದೆ. ಮನೆಯಲ್ಲಿ ಒಳ್ಳೆಯ ಚಾರ್ಜರಿದ್ದರೆ ಅದನ್ನೇ ಬಳಸಬಹುದು. ಹೆಚ್ಚು ವ್ಯಾಟಿನ ಚಾರ್ಜರು ಚಿಕ್ಕ ಫೋನನ್ನು ಸುಟ್ಟುಬಿಡುವುದೆಂಬ ಭಯ ಬೇಡ. ಇಂದಿನ ಫೋನು ತನಗೆ ಬೇಕಾದಷ್ಟನ್ನೇ ಕೇಳಿ ಪಡೆಯುತ್ತದೆ. ಕಡಿಮೆ ವ್ಯಾಟಿನದಾದರೆ ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೆ. ಕೊಳ್ಳುವುದಾದರೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇರುವುದನ್ನೇ ಕೊಳ್ಳಿ. ಬೀದಿಬದಿಯ ಅಗ್ಗದ ಚಾರ್ಜರಿನಲ್ಲಿ ಉಳಿಯುವ ನೂರು ರೂಪಾಯಿ ದುಬಾರಿಯಾಗಿ ಪರಿಣಮಿಸೀತು. ಬ್ಯಾಟರಿ ಉಬ್ಬಿ ಫೋನಿನ ಬೆನ್ನು ಎದ್ದುಬಂದರೆ ಅದನ್ನು ಒತ್ತದೆ, ಚುಚ್ಚದೆ, ಚಾರ್ಜಿಗೂ ಹಾಕದೆ ಬಲ್ಲವರಿಗೆ ಒಪ್ಪಿಸಬೇಕು.

ಅಕ್ಕ ಮಿತವ್ಯಯಿ. "ದಿನವೂ ಹಾಕಿದರೆ ಕರೆಂಟಿನ ಬಿಲ್ಲು ಎಷ್ಟು ಏರುತ್ತದೆ?" ಎಂದು ಕೇಳಿದಳು. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಅವಳ ಫೋನಿನ ಬ್ಯಾಟರಿ 5000 ಮಿಲಿಆಂಪ್ ಗಂಟೆಯದು. ಅದರಲ್ಲಿ ಹಿಡಿಯುವ ಶಕ್ತಿ ಸುಮಾರು 19 ವ್ಯಾಟ್-ಗಂಟೆ. ನಷ್ಟವನ್ನೂ ಸೇರಿಸಿ 25 ಎಂದಿಟ್ಟುಕೊಂಡರೂ ಒಂದು ಯೂನಿಟ್ ವಿದ್ಯುತ್ತಿನಲ್ಲಿ 40 ಸಲ ಪೂರ್ತಿ ತುಂಬಿಸಬಹುದು. ದಿನಕ್ಕೊಂದು ಸಲವಾದರೂ ತಿಂಗಳಿಗೆ ಒಂದು ಯೂನಿಟ್ಟೂ ಆಗಲಿಲ್ಲ. "ಮಿಕ್ಸಿಗಿಂತ ಸಾಧು ಪ್ರಾಣಿ" ಎಂದು ಅವಳು ತೀರ್ಪು ಕೊಟ್ಟಳು.

ಎರಡನೆಯ ದಿನ ನಿಜವಾದ ಗೃಹಪ್ರವೇಶ. ಫೋನನ್ನು ಹೊತ್ತಿಸಿದೊಡನೆ ಅದು ಕೇಳುವ ಮೊದಲ ಪ್ರಶ್ನೆ ಭಾಷೆ ಯಾವುದೆಂದು. ಅಭ್ಯಾಸಬಲದಿಂದ ನಾನು "ಇಂಗ್ಲಿಷ್ ಒತ್ತು" ಎನ್ನುವಷ್ಟರಲ್ಲಿ ಅವಳ ಬೆರಳು ಪಟ್ಟಿಯಲ್ಲಿ ಕೆಳಗಿಳಿದು 'ಕನ್ನಡ'ದ ಮೇಲೆ ನಿಂತಿತ್ತು. ಮುಂದಿನದೆಲ್ಲ ಸುಗಮವಾಯಿತು. ನಡುನಡುವೆ ಆ ಯಂತ್ರದ ಕನ್ನಡದಲ್ಲಿ ವ್ಯಾಕರಣದೋಷಗಳನ್ನು ತಿದ್ದುತ್ತ ಹೋದಳೆಂಬುದನ್ನು ಬಿಟ್ಟರೆ ಬೇರೆ ಅಡ್ಡಿಯಿರಲಿಲ್ಲ.

ಸಿಮ್ ಕಾರ್ಡನ್ನು ಕೂರಿಸುವಾಗ ಮತ್ತೊಂದು ಸಂಗತಿ ಬಯಲಾಯಿತು. ಅವಳ ಸಂಖ್ಯೆ ಇಂದಿಗೂ ಭಾವನವರ ಹೆಸರಿನಲ್ಲಿಯೇ ಇತ್ತು. ಬ್ಯಾಂಕಿನ ಗುಪ್ತಸಂಖ್ಯೆ ಬರುವುದು ಅದಕ್ಕೇ, ಪಿಂಚಣಿಯ ಸಂದೇಶ ಬರುವುದೂ ಅದಕ್ಕೇ. ನಾಳೆ ಆ ಸಿಮ್ ಕೆಟ್ಟರೆ ಬದಲಿ ಕೇಳುವ ಹಕ್ಕೇ ಅವಳಿಗಿರಲಿಲ್ಲ. ಆ ಮಧ್ಯಾಹ್ನವೇ ಮರಣಪ್ರಮಾಣಪತ್ರವನ್ನೂ ಅವಳ ಗುರುತಿನ ದಾಖಲೆಯನ್ನೂ ತೆಗೆದುಕೊಂಡು ಹೋಗಿ ಸಂಖ್ಯೆಯನ್ನು ಅವಳ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಟ್ಟೆವು. ವಾಚಕರು ತಮ್ಮ ಮನೆಯ ಹಿರಿಯರ ಸಂಖ್ಯೆ ಯಾರ ಹೆಸರಿನಲ್ಲಿದೆಯೆಂದು ಇಂದೇ ವಿಚಾರಿಸುವುದೊಳಿತು.

ಬಳಿಕ ಖಾತೆ. ಹೊಸದಾಗಿ ತೆರೆದೆವು. ಪಾಸ್‌ವರ್ಡನ್ನು ಅವಳೇ ಯೋಚಿಸಿದಳು. ನಾನು ವರಾಂಡಕ್ಕೆ ಹೋಗಿ ನಿಂತೆ. ಹುಟ್ಟಿದ ದಿನ, ಮನೆಯ ಸಂಖ್ಯೆ, ಮಕ್ಕಳ ಹೆಸರು ಬೇಡ, ಸಂಬಂಧವಿಲ್ಲದ ಮೂರು ನಾಲ್ಕು ಪದಗಳನ್ನು ಪೋಣಿಸಿದರೆ ಉದ್ದವೂ ಆಗುತ್ತದೆ, ನೆನಪಿಗೂ ನಿಲ್ಲುತ್ತದೆ ಎಂದು ಹೇಳಿಕೊಟ್ಟದ್ದಷ್ಟೇ ನನ್ನ ಪಾತ್ರ. ಖಾತೆಯನ್ನು ಮತ್ತೆ ತೆರೆಯಲು ಎರಡು ದಾರಿಗಳನ್ನಿಟ್ಟೆವು. ಒಂದು ಅವಳದೇ ಸಂಖ್ಯೆ, ಮತ್ತೊಂದು ಮಗನ ಈಗಿನ ಮಿಂಚಂಚೆ. ಇವೆರಡೂ ಬಳಕೆಯಲ್ಲಿವೆಯೇ ಎಂದು ವರ್ಷಕ್ಕೊಮ್ಮೆ ನೋಡಬೇಕು. ಯುಗಾದಿಯ ದಿನ ಪಂಚಾಂಗದ ಜೊತೆಗೆ ಇದನ್ನೂ ನೋಡುವುದೆಂದು ಅವಳು ನಿಶ್ಚಯಿಸಿದಳು.

ಪಾಸ್‌ವರ್ಡನ್ನು ಬರೆದಿಡಬಾರದೆಂಬ ಉಪದೇಶವನ್ನು ನಾವು ಕೇಳಿದ್ದೇವೆ. ಫೋನಿನ ಕವಚದೊಳಗೆ ಚೀಟಿ ಸಿಕ್ಕಿಸುವುದು ತಪ್ಪು, ನಿಜ. ಆದರೆ ಮನೆಯ ಪತ್ರಗಳೂ ಬ್ಯಾಂಕಿನ ಪುಸ್ತಕಗಳೂ ಇರುವ ಬೀರುವಿನಲ್ಲಿ ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು ವಿವೇಕ. ನಮ್ಮ ಬಳಿಕ ಬರುವವರಿಗೂ ಅದೊಂದು ಉಪಕಾರ.

ಮೂರನೆಯ ದಿನ ಉಳಿದ ಕೆಲಸಗಳು. ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಳು. ಬಾಕಿಯಿದ್ದ ಹೊಸ ಆವೃತ್ತಿಯನ್ನು ಇಳಿಸಿಕೊಂಡೆವು. ಇದು ಚಾರ್ಜು ಸಾಕಷ್ಟಿರುವಾಗ ಮಾಡಬೇಕಾದ ಕೆಲಸ. ಬೀಗ ಹಾಕಿದ ಪರದೆಯ ಮೇಲೂ ಕಾಣುವಂತೆ ರಕ್ತದ ಗುಂಪನ್ನೂ, ಆಪತ್ತಿನಲ್ಲಿ ಕರೆಯಬೇಕಾದ ಇಬ್ಬರ ಸಂಖ್ಯೆಗಳನ್ನೂ ಬರೆದೆವು. ಆ ಇಬ್ಬರಲ್ಲಿ ಒಬ್ಬಳು ಪಕ್ಕದ ಮನೆಯವಳು. ಸಮುದ್ರದಾಚೆಯ ಮಗ ಎಷ್ಟೇ ಪ್ರೀತಿಯವನಾದರೂ ಹತ್ತು ನಿಮಿಷದಲ್ಲಿ ಬಂದು ಬಾಗಿಲು ತಟ್ಟಲಾರ. ತುರ್ತು ಸಹಾಯಕ್ಕೆ 112, ಹಣದ ಮೋಸವಾದರೆ ಒಡನೆಯೇ 1930 ಎಂದು ಗೋಡೆಯ ಕ್ಯಾಲೆಂಡರಿನ ಮೇಲೂ ಬರೆದಳು.

ಕರೆಮಾಡುವ ಜಾಗದಲ್ಲಿ *#06# ಎಂದು ಒತ್ತಿದರೆ ಫೋನಿನ 15 ಅಂಕಿಗಳ ಗುರುತುಸಂಖ್ಯೆ ಕಾಣುತ್ತದೆ. ಅದನ್ನೂ ರಸೀತಿಯೊಡನೆ ನೋಟುಪುಸ್ತಕದಲ್ಲಿ ಬರೆದಿಟ್ಟೆವು. ಫೋನು ಕಳೆದುಹೋದರೆ ಪೊಲೀಸ್ ದೂರಿನ ಪ್ರತಿಯೊಡನೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿಯ ಮೂಲಕ ಅದನ್ನು ಬಳಸಲಾಗದಂತೆ ತಡೆಹಿಡಿಸಬಹುದು. ಅದಕ್ಕೆ ಈ ಸಂಖ್ಯೆ ಬೇಕು.

ಕಡೆಯದಾಗಿ, ಚಿತ್ರಗಳೂ ಸಂದೇಶಗಳೂ ಖಾತೆಯಲ್ಲಿ ನಿಜವಾಗಿ ಉಳಿಯುತ್ತಿವೆಯೇ ಎಂದು ಪರೀಕ್ಷಿಸಬೇಕಾಗಿತ್ತು. ಉಳಿಯುತ್ತವೆಂದು ನಂಬುವುದು ಬೇರೆ, ತೆರೆದು ನೋಡುವುದು ಬೇರೆ. ಅಕ್ಕ ಅಂಗಳದ ದಾಸವಾಳದ ಚಿತ್ರವನ್ನು ತೆಗೆದಳು. ಸ್ವಲ್ಪ ಹೊತ್ತಿನ ಬಳಿಕ ನನ್ನ ಕಂಪ್ಯೂಟರಿನಲ್ಲಿ ತನ್ನ ಖಾತೆಯನ್ನು ತಾನೇ ತೆರೆದಳು. ದಾಸವಾಳ ಅಲ್ಲಿತ್ತು. ಅದನ್ನು ಬಹಳ ಹೊತ್ತು ನೋಡುತ್ತ ಕುಳಿತಳು. ಅವಳು ಏನನ್ನು ನೆನೆಯುತ್ತಿದ್ದಳೆಂದು ನಾನು ಕೇಳಲಿಲ್ಲ. ನೋಡಿಯಾದ ಮೇಲೆ ಖಾತೆಯನ್ನು ಮುಚ್ಚಿ ಹೊರಬರುವುದನ್ನೂ ಮರೆಯಲಿಲ್ಲ.

ನಮ್ಮ ದೇಶದಲ್ಲಿ ಮೊಬೈಲಿನ ಮೊದಲ ಕರೆ 1995ರ ಜುಲೈ 31ರಂದು ಆಯಿತು. ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಆಗ ಅದು ಕೇವಲ ಮಾತಿನ ಯಂತ್ರ. ಕೆಟ್ಟರೆ ಮತ್ತೊಂದನ್ನು ಕೊಂಡರೆ ತೀರುತ್ತಿತ್ತು. ಇಂದು ಅದರಲ್ಲಿ ನಮ್ಮ ಹಣವಿದೆ, ದಾಖಲೆಗಳಿವೆ, ತೀರಿಕೊಂಡವರ ಧ್ವನಿಯಿದೆ. ಹೀಗಿರುವಾಗ ಅದನ್ನು ಹಿರಿಯರ ಕೈಯಿಂದ ಕಿತ್ತುಕೊಂಡು ಅರ್ಧ ಗಂಟೆಯಲ್ಲಿ ಸಿದ್ಧಮಾಡಿಕೊಡುವುದು ಪ್ರೀತಿಯಂತೆ ಕಂಡರೂ ಪೂರ್ತಿ ಪ್ರೀತಿಯಲ್ಲ. ಅವರ ಬೆರಳು ತಡವರಿಸುವಷ್ಟು ಹೊತ್ತು ಪಕ್ಕದಲ್ಲಿ ಕಾಯುವ ತಾಳ್ಮೆಯೂ ಅದಕ್ಕೆ ಸೇರಬೇಕು.

ನಾನು ಊರಿಗೆ ಹೊರಡುವ ಸಂಜೆ ಮಗನಿಂದ ಕರೆ ಬಂತು.

"ಎಲ್ಲ ಆಯ್ತೇನಮ್ಮ? ಪಾಸ್‌ವರ್ಡ್ ಏನಿಟ್ಟೆ, ಹೇಳು. ಬರೆದುಕೊಳ್ತೀನಿ."

"ಅದನ್ನು ಯಾರಿಗೂ ಹೇಳಬಾರದಂತೆ, ನಿಮ್ಮ ಮಾವ ಹೇಳಿಕೊಟ್ಟಿದ್ದಾನೆ" ಎಂದಳು ಅಕ್ಕ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಅವಳೇ ಮೆಲ್ಲಗೆ ಸೇರಿಸಿದಳು: "ಬೀರುವಿನ ಎರಡನೆಯ ಅರೆಯಲ್ಲಿ, ನಿಮ್ಮಪ್ಪನ ಪಂಚೆಗಳ ಕೆಳಗೆ ನೀಲಿ ನೋಟುಪುಸ್ತಕವಿದೆ. ನಾನಿರುವಷ್ಟು ದಿನ ಅದು ನಿನಗೆ ಬೇಕಾಗುವುದಿಲ್ಲ. ಎಲ್ಲಿದೆಯೆಂದು ತಿಳಿದಿರಲಿ, ಅಷ್ಟೆ."

ಕರೆ ಮುಗಿದ ಮೇಲೆ ಫೋನಿನ ಮೂಲೆಯನ್ನು ನೋಡಿದಳು. ಚಾರ್ಜು 34 ಇತ್ತು. "ಇನ್ನೂ ಇಪ್ಪತ್ತಕ್ಕೆ ಇಳಿದಿಲ್ಲ" ಎಂದು ತಾನೇ ಹೇಳಿಕೊಂಡು, ಅದನ್ನು ಒಲೆಯಿಂದ ದೂರದ ಮೇಜಿನ ಮೇಲಿಟ್ಟು, ನನಗೆ ಕಾಫಿ ತರಲು ಎದ್ದಳು.